ಸುಬ್ಬಿಗೆ ತೆರೆಯುವ, ಸೊಳ್ಳೆಗೆ ತೆರೆಯದ ಬಾಗಿಲು

ಬೆಕ್ಕು ತಾನೇ ತಳ್ಳಿಕೊಂಡು ಓಡಾಡಲೆಂದು ಮನೆಯ ಕದದಲ್ಲಿ ಕೂರಿಸುವ ಪುಟ್ಟ ಬಾಗಿಲೇ ಬೆಕ್ಕಿನ ಬಾಗಿಲು. ಅದನ್ನು ಮಾರುವವರ ಚಿತ್ರಗಳಲ್ಲಿ ಹೊರಗೆ ಯಾವಾಗಲೂ ಹಿಮ ಬಿದ್ದಿರುತ್ತದೆ. ಒಳಗೆ ಕಂಬಳಿ, ಹೊರಗೆ ಬಿಳಿಯ ಅಂಗಳ, ನಡುವಿನ ಕಿಂಡಿಯಲ್ಲಿ ಅರ್ಧ ಮೈ ತೂರಿಸಿ ನಿಂತ ತುಪ್ಪುಳದ ಬೆಕ್ಕು. ಆ ಬಾಗಿಲನ್ನು ರೂಪಿಸಿದವರಿಗೆ ಇದ್ದ ವೈರಿ ಚಳಿಗಾಳಿ ಒಂದೇ. ಪುಣೆಯ ಕರ್ವೇನಗರದಲ್ಲಿ ಮೂರನೆಯ ಮಹಡಿಯಲ್ಲಿರುವ ನಮಗೆ ವೈರಿಗಳು ಬೇರೆ: ಸೊಳ್ಳೆ, ಪಶ್ಚಿಮದಿಂದ ಓರೆಯಾಗಿ ಬಡಿಯುವ ಮಳೆ, ಕೊಳಚೆ ನೀರಿನ ಪೈಪ್ ಹತ್ತಿ ಬರುವ ಇಲಿ. ಚಳಿಗಾಳಿ ತಡೆಯುವ ಬಾಗಿಲು ಇವುಗಳಲ್ಲಿ ಯಾವುದನ್ನೂ ತಡೆಯುವುದಿಲ್ಲ. ಒಂದನ್ನು ತರಿಸಿ ನೋಡಿ ಹಿಂದಕ್ಕೆ ಕಳಿಸಿದ ಮೇಲೆ ನಾನೇ ಮಾಡಲು ಕುಳಿತೆ. ಅದರ ವಿವರವನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಪುಣೆಯ ಫ್ಲ್ಯಾಟುಗಳನ್ನು ಕಾಣದವರಿಗೆ ಒಂದು ಮಾತು. ಇಲ್ಲಿ ಅಡುಗೆಮನೆಗೆ ಹೊಂದಿಕೊಂಡು ಡ್ರೈ ಬಾಲ್ಕನಿ ಎಂಬ ಸಣ್ಣ ಜಾಗ ಇರುತ್ತದೆ. ವಾಷಿಂಗ್ ಮಷಿನ್, ಪಾತ್ರೆ ತೊಳೆಯುವ ತೊಟ್ಟಿ, ಪೊರಕೆ, ಹಳೆಯ ಬಕೆಟ್ ಎಲ್ಲ ಅಲ್ಲಿಯೇ. ನಮ್ಮ ಬೆಕ್ಕು ಸುಬ್ಬಿಯ ಮರಳಿನ ತಟ್ಟೆಯೂ ಅಲ್ಲಿಯೇ ಇದೆ. ಅಂದರೆ ಅಡುಗೆಮನೆಗೂ ಅದಕ್ಕೂ ನಡುವಿನ ಕದ ಹಗಲಿರುಳು ಒಂದು ಗೇಣು ತೆರೆದಿರಬೇಕು. ಮುಚ್ಚಿದರೆ ಅವಳು ರಾತ್ರಿ ಎರಡು ಗಂಟೆಗೆ ಕದ ಕೆರೆಯುತ್ತಾಳೆ. ತೆರೆದಿಟ್ಟರೆ ಸೊಳ್ಳೆಗಳಿಗೆ ಅದು ರಾಜಬೀದಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ ಆದ್ದರಿಂದ ‘ಸಂಜೆ ಮಾತ್ರ ಮುಚ್ಚಿದರೆ ಸಾಕು’ ಎನ್ನುವ ಉಪಾಯವೂ ನಡೆಯುವುದಿಲ್ಲ. ಧಾರವಾಡದ ನಮ್ಮ ಹೆಂಚಿನ ಮನೆಯಲ್ಲಿ ಬೆಕ್ಕು ಗೋಡೆ ಹತ್ತಿ, ಹೆಂಚಿನ ಸಂದಿಯಿಂದ ಅಟ್ಟಕ್ಕೆ ಇಳಿದು, ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತಿತ್ತು. ಕಾಂಕ್ರೀಟಿನ ಮನೆಯಲ್ಲಿ ಆ ಜವಾಬ್ದಾರಿ ನಮ್ಮ ಮೇಲೆ ಬೀಳುತ್ತದೆ.

ಎಲ್ಲಿ ತೂತು ಕೊರೆಯಬೇಕು ಎನ್ನುವ ಪ್ರಶ್ನೆಗೆ ನಾನು ತೂತು ಕೊರೆಯುವುದಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ಹಾಲ್‌ನ ಬಾಲ್ಕನಿಗೆ ಗಾಜಿನ ಸ್ಲೈಡಿಂಗ್ ಬಾಗಿಲು ಇದೆ. ಅದು ಟಫನ್ಡ್ ಗಾಜು, ಅಂದರೆ ಕಾಯಿಸಿ ಬೇಗ ತಣಿಸಿ ಹದ ಹಾಕಿದ್ದು. ಒಮ್ಮೆ ಹದ ಹಾಕಿದ ಮೇಲೆ ಅದನ್ನು ಕತ್ತರಿಸಲಾಗದು, ಕೊರೆಯಲು ಹೋದರೆ ಇಡೀ ಹಾಳೆ ಕಾಳುಕಾಳಾಗಿ ಉದುರುತ್ತದೆ. ಗಾಜಿನಲ್ಲೇ ಬೇಕೆಂದರೆ ಅಳತೆ ಕೊಟ್ಟು, ತೂತಿನೊಡನೆಯೇ ಹದ ಹಾಕಿದ ಹೊಸ ಹಾಳೆ ಮಾಡಿಸಬೇಕು. ಗೋಡೆಯಲ್ಲಿ ಕೊರೆಯಬಹುದೇ? ನಮ್ಮದು ಹಳೆಯ ಕಟ್ಟಡ, ಇಟ್ಟಿಗೆಯ ಗೋಡೆ, ಕಷ್ಟಪಟ್ಟರೆ ಆಗುತ್ತದೆ. ಆದರೆ ಇತ್ತೀಚಿನ ಎತ್ತರದ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆಗಳನ್ನೇ ಭಾರ ಹೊರುವಂತೆ ಕಟ್ಟುತ್ತಾರೆ, ಇಲ್ಲಿನವರು ಅದನ್ನು ಮೈವಾನ್ ಎನ್ನುತ್ತಾರೆ. ಅಂಥ ಗೋಡೆಯನ್ನು ಬೆಕ್ಕಿಗಾಗಲಿ ಏಸಿ ಪೈಪಿಗಾಗಲಿ ಮನಸ್ಸಿಗೆ ಬಂದಂತೆ ಕೊರೆಯಕೂಡದು. ಉಳಿದದ್ದು ಡ್ರೈ ಬಾಲ್ಕನಿಯ ಮರದ ಕದ. ಮನೆ ಸ್ವಂತದ್ದು, ಕದ ಹಳೆಯದು, ತಪ್ಪಿದರೆ ಹೊಸದು ಹಾಕಿಸಬಹುದು ಎನ್ನುವ ಧೈರ್ಯ. ಬಾಡಿಗೆ ಮನೆಯವರಿಗೆ ನನ್ನ ಸಲಹೆ: ಮಾಲೀಕರ ಕದವನ್ನು ಬಿಚ್ಚಿ ಮಂಚದ ಕೆಳಗೆ ಇಟ್ಟು, ಅಗ್ಗದ ಇನ್ನೊಂದು ಕದ ತಂದು ಅದರಲ್ಲಿ ಕೊರೆಯಿರಿ. ಹನ್ನೊಂದು ತಿಂಗಳ ಕರಾರಿನಲ್ಲಿ ಇರುವವರಿಗೆ ಠೇವಣಿ ಹಣ ಉಳಿಯಲು ಅದಕ್ಕಿಂತ ನೇರ ದಾರಿ ಕಾಣುವುದಿಲ್ಲ.

ಅಡುಗೆ ಅನಿಲದ ಸಿಲಿಂಡರನ್ನು ಡ್ರೈ ಬಾಲ್ಕನಿಯಲ್ಲಿ ಇಡುವ ಮನೆಗಳು ಇಲ್ಲಿ ಬಹಳ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಕದದ ಕೆಳಭಾಗದಲ್ಲಿ ಕಿಂಡಿ ಮಾಡುವುದೆಂದರೆ ಅದಕ್ಕೂ ಒಳಗೆ ಬರಲು ದಾರಿ ಮಾಡಿದಂತೆ. ಅಂಥವರು ಮೊದಲು ಸಿಲಿಂಡರಿಗೆ ಬೇರೆ ಜಾಗ ಹುಡುಕಬೇಕು. ಹಾಗೆಯೇ ಸಿಲಿಂಡರ್ ಅಡುಗೆಮನೆಯೊಳಗೇ ಇದ್ದರೆ ಕದದ ಕೆಳಗಿನ ಗಾಳಿಸಂದಿಯನ್ನು ಸೊಳ್ಳೆಯ ನೆಪದಲ್ಲಿ ಪೂರ್ತಿ ಮುಚ್ಚಬಾರದು. ನಮಗೆ ಪೈಪಿನ ಅನಿಲ ಬಂದಿದೆ. ಅದು ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ, ಹಾಗಾಗಿ ಈ ತೊಡಕು ಇರಲಿಲ್ಲ.

ಬಾಲ್ಕನಿಗೆ ಜಾಲರಿ ಇಲ್ಲದಿದ್ದರೆ ಬೆಕ್ಕಿನ ಬಾಗಿಲಿನ ಮಾತನ್ನೇ ಎತ್ತಬಾರದು. ಪಾರಿವಾಳಗಳಿಗೆಂದು ಇಲ್ಲಿ ಮನೆಮನೆಗೂ ನೈಲಾನ್ ಬಲೆ ಕಟ್ಟಿಸುತ್ತಾರೆ. ಅದು ಬಿಸಿಲಿಗೆ ಮೆಲ್ಲಗೆ ಪುಡಿಯಾಗುತ್ತದೆ, ಮನಸ್ಸು ಮಾಡಿದ ಬೆಕ್ಕು ಅದನ್ನು ಕಡಿದು ತೂತು ಮಾಡುತ್ತದೆ. ಹಳೆಯ ಕಬ್ಬಿಣದ ಗ್ರಿಲ್‌ಗೆ ಒಳಗಿನಿಂದ ಸೊಂಟದ ಎತ್ತರದವರೆಗೆ ಸ್ಟೇನ್‌ಲೆಸ್ ಜಾಲರಿ ಬಿಗಿಸಿ, ಅದರ ಮೇಲೆ ಮಾತ್ರ ನೈಲಾನ್ ಬಲೆ ಉಳಿಸಿಕೊಂಡೆ.

ಈಗ ತರಿಸಿ ಹಿಂದಿರುಗಿಸಿದ ಬಾಗಿಲಿನ ಕಥೆ. ಎರಡು ಪ್ಲಾಸ್ಟಿಕ್ ಚೌಕಟ್ಟು, ನಡುವೆ ತಳ್ಳಿದರೆ ತೂಗಾಡುವ ಪಾರದರ್ಶಕ ರೆಕ್ಕೆ, ನಾಲ್ಕು ಬಗೆಯಲ್ಲಿ ಬೀಗ ಹಾಕುವ ಗುಂಡಿ: ಒಳಗೆ ಮಾತ್ರ, ಹೊರಗೆ ಮಾತ್ರ, ಎರಡೂ ಕಡೆ, ಪೂರ್ತಿ ಬಂದ್. ನೋಡಲು ಚೆಂದ. ರೆಕ್ಕೆಯ ಸುತ್ತ ಸಂದಿ ಎಷ್ಟೆಂದು ಅಳೆದೆ: ಮೂರು ಮಿಲಿಮೀಟರ್. ಕಿಟಕಿಗೆ ಹಾಕುವ ಸೊಳ್ಳೆಪರದೆಯ ಕಣ್ಣು ಒಂದೂವರೆ ಮಿಲಿಮೀಟರಿಗಿಂತ ಸಣ್ಣದು. ಕಿಟಕಿಗಳಿಗೆಲ್ಲ ಪರದೆ ಹಾಕಿ ಕದದಲ್ಲಿ ಮೂರು ಮಿಲಿಮೀಟರ್ ಸಂದಿ ಬಿಡುವುದರಲ್ಲಿ ಏನು ಅರ್ಥ? ಬೆಕ್ಕಿನ ಮೈಯಲ್ಲಿನ ಚಿಪ್ ಓದಿ ಆ ಬೆಕ್ಕಿಗೆ ಮಾತ್ರ ತೆರೆಯುವ ಬಾಗಿಲುಗಳೂ ಇವೆ. ಅಕ್ಕಿಕಾಳಿನಷ್ಟು ಚಿಪ್, ಅದರಲ್ಲಿ ಹದಿನೈದು ಅಂಕಿಗಳ ಸಂಖ್ಯೆ, 134.2 ಕಿಲೋಹರ್ಟ್ಸ್‌ನಲ್ಲಿ ಅದನ್ನು ಓದುವ ಸುರುಳಿ. ನೆಲಮಹಡಿಯ ಮನೆಗೆ, ಓಣಿಯ ಗಂಡುಬೆಕ್ಕುಗಳ ಕಾಟ ಇರುವಲ್ಲಿಗೆ ಅದು ಹಣಕ್ಕೆ ತಕ್ಕ ವಸ್ತು. ಜಾಲರಿ ಬಿಗಿದ ಮೂರನೆಯ ಮಹಡಿಯ ಬಾಲ್ಕನಿಗೆ ಸುಬ್ಬಿಯ ಹೊರತು ಬೇರೆ ಯಾವ ಬೆಕ್ಕು ಬರುತ್ತದೆ?

ಕೆಳಗಿನ ಮನೆಯ ಕಾಕಾ ಬಾಗಲಕೋಟೆ ಕಡೆಯವರು. ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಫಿಟರ್ ಆಗಿ ನಿವೃತ್ತರಾದವರು. ಅವರ ಮಂಚದ ಕೆಳಗೆ ಒಂದು ಸಣ್ಣ ವರ್ಕ್‌ಶಾಪೇ ಇದೆ. ಕರೆಂಟಿನ ಸಣ್ಣ ಗರಗಸ ಜಿಗ್‌ಸಾ ಕೇಳಲು ಹೋದಾಗ ಅವರು ಮೊದಲು ಬೆಕ್ಕಿನ ಅಳತೆ ಕೇಳಿದರು.

“ತಂಗೀ, ತೂತಿನ ಅಳತೆ ಆಮೇಲೆ ಹೇಳು. ಬೆಕ್ಕಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆ?”

ಅದನ್ನು ಅಳೆಯುವ ಕ್ರಮ ಹೀಗೆ. ಬೆಕ್ಕು ಗೋಡೆಯ ಪಕ್ಕ ನಿಂತು ತಿನ್ನುವಾಗ ಭುಜದ ಮೇಲ್ತುದಿಗೆ ಒಂದು, ಹೊಟ್ಟೆಯ ಕೆಳತುದಿಗೆ ಒಂದು ಪೆನ್ಸಿಲ್ ಗುರುತು ಹಾಕಬೇಕು. ಸುಬ್ಬಿಯ ಭುಜ 24 ಸೆಂಟಿಮೀಟರಿನಲ್ಲಿ, ಹೊಟ್ಟೆ 12ರಲ್ಲಿ. ಮೈಯ ಅತಿ ಅಗಲ ಸುಮಾರು 13. ಕಿಂಡಿಯ ಹೊಸ್ತಿಲು ಹೊಟ್ಟೆಯ ಮಟ್ಟಕ್ಕೆ, ಮೇಲ್ಭಾಗ ಬೆನ್ನಿಗಿಂತ ಆರು ಸೆಂಟಿಮೀಟರ್ ಮೇಲೆ, ಅಗಲ ಮೈಗಿಂತ ಐದು ಹೆಚ್ಚು. ಲೆಕ್ಕ ಹಾಕಿದರೆ 18 ಸೆಂಟಿಮೀಟರಿನ ಚೌಕ, ನೆಲದಿಂದ 12 ಸೆಂಟಿಮೀಟರ್ ಮೇಲೆ. ಹೊಸ್ತಿಲನ್ನು ತೀರಾ ಕೆಳಗೆ ಇಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಫ್ಲಶ್ ಡೋರ್ ಎಂಬ ಈ ಸಾದಾ ಕದಗಳ ಸುತ್ತ ಗಟ್ಟಿ ಮರದ ಪಟ್ಟಿ ಇರುತ್ತದೆ, ಒಳಗೆ ಸಣ್ಣ ಮರದ ತುಂಡುಗಳನ್ನು ಜೋಡಿಸಿ ಮೇಲೆ ಪ್ಲೈ ಅಂಟಿಸಿರುತ್ತಾರೆ. ಕೆಳಪಟ್ಟಿಯನ್ನು ಕತ್ತರಿಸಿದರೆ ಕದದ ಬಿಗಿ ಹೋಗಿ ಮಳೆಗಾಲದಲ್ಲಿ ಅದು ತಿರುಚಿಕೊಳ್ಳುತ್ತದೆ. ಹನ್ನೆರಡು ಸೆಂಟಿಮೀಟರ್ ಬಿಟ್ಟರೆ ಪಟ್ಟಿಯೂ ಉಳಿಯುತ್ತದೆ, ಬೆಕ್ಕಿಗೂ ಸರಿಹೋಗುತ್ತದೆ.

ಸಾಮಾನು ತರಲು ಪೇಟೆಗೆ ಹೋಗುವವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗಿನ ಹೊತ್ತನ್ನು ಬಿಟ್ಟು ಹೋಗಬೇಕು. ಪುಣೆಯ ಹಳೆಯ ಅಂಗಡಿಗಳ ಮಧ್ಯಾಹ್ನದ ವಿರಾಮದ ಬಗ್ಗೆ ಜೋಕುಗಳು ಬಹಳ, ಆದರೆ ಇಳಿಸಿದ ಷಟರ್ ಜೋಕಲ್ಲ. ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಬ್ಲೇಡು, ಸ್ಕ್ರೂ, ಅಲ್ಯೂಮಿನಿಯಂ ಚಾನೆಲ್ (ನಡುವೆ ತೋಡು ಇರುವ ಪಟ್ಟಿ) ಸಿಕ್ಕವು. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ತುಂಡು ಸಾಗವಾನಿ ಕೇಳಿದರೆ ಅವರು ಮೂಲೆಯಲ್ಲಿ ಬಿದ್ದ ರಾಶಿ ತೋರಿಸುತ್ತಾರೆ. ಅದರಲ್ಲಿಯೇ ಆರಿಸಿ, ಮೂವತ್ತು ಮಿಲಿಮೀಟರ್ ಅಗಲ, ಹತ್ತು ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಸೀಳಿಸಿಕೊಂಡೆ. ಈ ಕೆಲಸದ ಜೀವಾಳ ಸಿಕ್ಕಿದ್ದು ಮಾತ್ರ ನಮ್ಮ ಬೀದಿಯಲ್ಲೇ ಇರುವ ಅಲ್ಯೂಮಿನಿಯಂ ಕಿಟಕಿ ಮಾಡುವವನ ಬಳಿ. ಸ್ಲೈಡಿಂಗ್ ಕಿಟಕಿಯ ಅಂಚಿನಲ್ಲಿ ಕೂದಲಿನಂಥ ಬೂದು ಪಟ್ಟಿ ಇರುತ್ತದೆಯಲ್ಲ, ವೂಲ್ ಪೈಲ್ ಎನ್ನುತ್ತಾರೆ. ಅದು ಮೀಟರ್ ಲೆಕ್ಕದಲ್ಲಿ, ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಐದು ಮಿಲಿಮೀಟರ್ ಎತ್ತರದ್ದು ಎರಡು ಮೀಟರ್ ಕೊಂಡೆ. ಬೆಕ್ಕಿನ ಮೈಗೆ ಬಿಟ್ಟುಕೊಡುವ, ಸೊಳ್ಳೆಗೆ ಬಿಟ್ಟುಕೊಡದ ವಸ್ತು ಇದೊಂದೇ.

ರೆಕ್ಕೆಗೆ ಗಾಜಿನಂತೆ ಕಾಣುವ ಎರಡು ಪ್ಲಾಸ್ಟಿಕ್‌ಗಳಲ್ಲಿ ಆಕ್ರಿಲಿಕ್ ಹಾಕಬೇಕೋ ಪಾಲಿಕಾರ್ಬೊನೇಟ್ ಹಾಕಬೇಕೋ ಎಂದು ಕಾಕಾ ಮತ್ತು ನಾನು ವಾದಿಸಿದೆವು. ಆಕ್ರಿಲಿಕ್‌ಗೆ ಗೀರು ಬೀಳುವುದು ಕಡಿಮೆ, ಹೊಳಪು ಹೆಚ್ಚು ದಿನ ಉಳಿಯುತ್ತದೆ, ಆದರೆ ಅಂಚಿನ ಹತ್ತಿರ ತೂತು ಹಾಕಿದರೆ ಸೀಳುತ್ತದೆ, ಕದ ಬಡಿದ ಪೆಟ್ಟಿಗೆ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಬೇಗ ಗೀರು ಹಿಡಿಯುತ್ತದೆ, ಆದರೆ ಸುತ್ತಿಗೆಯಿಂದ ಹೊಡೆದರೂ ಒಡೆಯುವುದು ಕಷ್ಟ. ಬೆಕ್ಕಿಗೆ ಬೇಕಾದದ್ದು ಆಚೆ ಏನಿದೆ ಎಂದು ಕಾಣುವಷ್ಟು ಬೆಳಕು, ಕನ್ನಡಿಯ ಹೊಳಪಲ್ಲ. ಮೂರು ಮಿಲಿಮೀಟರಿನ ಪಾಲಿಕಾರ್ಬೊನೇಟ್ ಗೆದ್ದಿತು. 172 ಮಿಲಿಮೀಟರ್ ಅಗಲ, 168 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದರೆ (ಮೇಲೆ ತೊಡಿಸುವ ಚಾನೆಲ್ ಎತ್ತರಕ್ಕೆ ಇನ್ನು ನಾಲ್ಕು ಸೇರಿಸುತ್ತದೆ) ಅದರ ತೂಕ ಸುಮಾರು 104 ಗ್ರಾಂ. ನಾಲ್ಕು ಕಿಲೋದ ಬೆಕ್ಕು ಹಣೆಯಿಂದ ತಳ್ಳಲು ಅಷ್ಟು ಹಗುರ ಸಾಕು.

ಈಗ ಕದ. ಬಿಜಾಗರಿಯ ಸ್ಕ್ರೂ ಬಿಚ್ಚಿ ಕದವನ್ನು ಇಳಿಸಿ ಮಲಗಿಸಿಯೇ ಕೊರೆಯಬೇಕು ಎನ್ನುವುದು ನನ್ನ ಅಭಿಪ್ರಾಯ. ನಿಂತ ಕದದಲ್ಲಿ ನೆಲಮಟ್ಟಕ್ಕೆ ಬಗ್ಗಿ ಜಿಗ್‌ಸಾ ಹಿಡಿದರೆ ಕೈ ನಡುಗುತ್ತದೆ, ಗೆರೆ ವಾಲುತ್ತದೆ. ಎರಡೂವರೆ ಅಡಿ ಅಗಲ, ಏಳು ಅಡಿ ಎತ್ತರ, 30 ಮಿಲಿಮೀಟರ್ ದಪ್ಪದ ಕದ ಇಪ್ಪತ್ತೈದು ಕಿಲೋಗೂ ಹೆಚ್ಚು ತೂಗುತ್ತದೆ, ಇಬ್ಬರು ಬೇಕು. ಎರಡು ಸ್ಟೂಲ್‌ಗಳ ಮೇಲೆ ಅವ್ವ ಹೊಲಿದ ಹಳೆಯ ಕೌದಿ ಹಾಸಿ ಮಲಗಿಸಿದೆವು. ಅವ್ವ ಫೋನಿನಲ್ಲಿ ಇದನ್ನು ಕೇಳಿ, ಬೆಕ್ಕಿಗೆ ಬಾಗಿಲು ಮಾಡುವುದು ಸರಿ, ಕೌದಿಗೆ ಗರಗಸ ತಾಗಿಸಿದರೆ ನೋಡು ಎಂದಳು.

ಜಿಗ್‌ಸಾದ ಸಾದಾ ಬ್ಲೇಡಿನ ಹಲ್ಲುಗಳು ಮೇಲ್ಮುಖ. ಕತ್ತರಿಸುವುದು ಬ್ಲೇಡು ಮೇಲಕ್ಕೆ ಬರುವಾಗ, ಆದ್ದರಿಂದ ಸಿಪ್ಪೆ ಏಳುವುದು ಮೇಲಿನ ಮುಖದಲ್ಲಿ. ಹೆಚ್ಚು ಕಣ್ಣಿಗೆ ಬೀಳುವ ಅಡುಗೆಮನೆಯ ಮುಖವನ್ನು ಕೆಳಗೆ ಮಾಡಿ ಮಲಗಿಸಬೇಕು. ಎರಡೂ ಮುಖಗಳಲ್ಲಿ ಗೆರೆಯುದ್ದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಮೂಲೆಮಟ್ಟ ಇಟ್ಟು 200 ಮಿಲಿಮೀಟರಿನ ಚೌಕ ಎಳೆದೆ. 18 ಸೆಂಟಿಮೀಟರಿನ ಕಿಂಡಿಗೆ 20 ಸೆಂಟಿಮೀಟರ್ ಏಕೆಂದರೆ ನಾಲ್ಕೂ ಕಡೆ ಹತ್ತು ಮಿಲಿಮೀಟರಿನ ಸಾಗವಾನಿ ಪಟ್ಟಿ ಕೂರಬೇಕು. ಗೆರೆಯ ಮೇಲೆ ಸನ್‌ಮೈಕಾ ಕೊರೆಯುವ ಚೂಪು ಚಾಕುವಿನಿಂದ ಆಳವಾಗಿ ಗೀರಿದೆ. ಸಿಪ್ಪೆ ಎದ್ದರೂ ಗೀರಿನ ಬಳಿ ನಿಲ್ಲುತ್ತದೆ. ನಾಲ್ಕು ಮೂಲೆಗಳ ಒಳಬದಿಯಲ್ಲಿ ಹನ್ನೆರಡು ಮಿಲಿಮೀಟರಿನ ತೂತು ಆರುಪಾರು ಕೊರೆದು ಬ್ಲೇಡು ಇಳಿಸಲು ಜಾಗ ಮಾಡಿದೆ. ದಪ್ಪ ಮರದಲ್ಲಿ ಬ್ಲೇಡಿನ ಕೆಳತುದಿ ಬಾಗಿ ಬೇರೆ ದಾರಿ ಹಿಡಿಯುತ್ತದೆ. ಬ್ಲೇಡನ್ನು ಹಿಂದೆಮುಂದೆಯೂ ಆಡಿಸುವ ಪೆಂಡುಲಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ತಳ್ಳದೆ, ಯಂತ್ರ ತಾನೇ ಮುಂದೆ ಹೋಗುವಷ್ಟು ನಿಧಾನಕ್ಕೆ ನಡೆಸಿದರೆ ಆ ವಾಲು ಒಂದೆರಡು ಮಿಲಿಮೀಟರಿನೊಳಗೆ ಉಳಿಯುತ್ತದೆ, ಮೇಲೆ ಬರುವ ಪಟ್ಟಿ ಅದನ್ನು ಮುಚ್ಚುತ್ತದೆ.

ತುಂಡು ಕೆಳಗೆ ಬಿದ್ದಾಗ ಕಟ್ಟಡ ಕಟ್ಟಿಸಿದವರ ಜಿಪುಣತನ ಬಯಲಾಯಿತು. ಹೊರಗಿನಿಂದ ತಟ್ಟಿದಾಗ ಗಟ್ಟಿ ಎನಿಸಿದ್ದ ಕದದೊಳಗೆ ಮರದ ತುಂಡುಗಳ ನಡುವೆ ಬೆರಳು ಹೋಗುವಷ್ಟು ಸಂದಿಗಳು. ಫ್ಲಶ್ ಡೋರ್‌ಗಳಿಗೆ ಐಎಸ್ 2202 ಎಂಬ ಭಾರತೀಯ ಮಾನದಂಡ ಇದೆ. ಕದ ಕೊಳ್ಳುವವರು ಅಂಚಿನಲ್ಲಿ ಆ ಮುದ್ರೆ ಇದೆಯೇ ಎಂದು ನೋಡಬಹುದು. ನಮ್ಮ ಕದದ ಅಂಚಿನಲ್ಲಿ ಬರೀ ಬಣ್ಣ. ಕಾಕಾ ಟಾರ್ಚ್ ಹಾಕಿ ಒಳಗೆ ಇಣುಕಿ ನೋಡಿ, “ಇದರಲ್ಲಿ ಮರ ಎಷ್ಟಿದೆಯೋ ಗಾಳಿಯೂ ಅಷ್ಟೇ ಇದೆ, ತಂಗೀ. ಸ್ಕ್ರೂ ಹಿಡಿಯುವುದಿಲ್ಲ, ಮೊದಲು ತುಂಬು” ಎಂದರು. ಸಂದಿಗಳಿಗೆ ಪೈನ್ ಮರದ ಸೀಳುಗಳನ್ನು ಫೆವಿಕಾಲ್ ಹಚ್ಚಿ ಬಡಿದು ಕೂರಿಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಉಳಿಯಿಂದ ಮಟ್ಟ ಮಾಡಿದೆ. ಜೇನುಗೂಡಿನ ಕಾಗದ ತುಂಬಿದ ಟೊಳ್ಳು ಕದವಾಗಿದ್ದರೆ ಕತ್ತರಿಸಿದ ಅಂಚಿನುದ್ದಕ್ಕೂ ಹೀಗೆಯೇ ಮರದ ಪಟ್ಟಿ ತುಂಬಬೇಕಾಗುತ್ತಿತ್ತು. ಬಚ್ಚಲಿಗೆ ಹಾಕುವ ಟೊಳ್ಳು ಪಿವಿಸಿ ಕದದ ಸಹವಾಸಕ್ಕೆ ಮಾತ್ರ ಹೋಗಬಾರದು.

ಕೊರೆದ ಅಂಚು ಹಸಿ ಗಾಯ. ಫ್ಲಶ್ ಡೋರ್ ನೀರು ಕುಡಿಯುವುದು ಅಲ್ಲಿಂದಲೇ. ಒಂದು ಮಳೆಗಾಲ ಸಾಕು, ಪ್ಲೈ ಪದರಗಳು ಬಿಚ್ಚಿಕೊಳ್ಳಲು. ಪ್ರೈಮರ್ ಒಂದು ಕೈ, ಆಯಿಲ್ ಪೇಂಟ್ ಎರಡು ಕೈ, ಪ್ರತಿ ಕೈಗೂ ನಡುವೆ ಪೂರ್ತಿ ಒಣಗಿಸಿ ಹಚ್ಚಿದೆ. ಆಮೇಲೆಯೇ ಸಾಗವಾನಿ ಪಟ್ಟಿಗಳನ್ನು ಒಳಗಿನಿಂದ ಕೂರಿಸಿದ್ದು. ಕೆಳಗಿನ ಪಟ್ಟಿ, ಅಂದರೆ ಕಿಂಡಿಯ ಹೊಸ್ತಿಲು, ನಡುವಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗುವಂತೆ ಉಜ್ಜಿದ್ದೇನೆ. ರೆಕ್ಕೆಗೆ ಬಡಿದ ಮಳೆನೀರು ಹೊರಗೇ ಜಾರಬೇಕು.

ರೆಕ್ಕೆ ತೂಗಾಡುವ ಕೀಲಿಗೆ ಸೈಕಲ್ ಚಕ್ರದ ಕಡ್ಡಿ. ಒಂದು ಕಾಲಕ್ಕೆ ಸೈಕಲ್‌ಗಳ ನಗರ ಎಂದು ಹೆಸರಾಗಿದ್ದ ಪುಣೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಹುಡುಕಲು ಈಗ ಸ್ವಲ್ಪ ಅಲೆಯಬೇಕು, ಆದರೆ ಸಿಕ್ಕ ಅಂಗಡಿಯವರು ಕಡ್ಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ಮಿಲಿಮೀಟರ್ ದಪ್ಪ, ಸ್ಟೇನ್‌ಲೆಸ್, ನೆಟ್ಟಗಿನ ಸಲಾಕೆ ಇದಕ್ಕಿಂತ ಸುಲಭವಾಗಿ ಎಲ್ಲೂ ಸಿಗುವುದಿಲ್ಲ. ರೆಕ್ಕೆಯ ಮೇಲಂಚಿಗೆ ಅಲ್ಯೂಮಿನಿಯಂ ಚಾನೆಲ್ ತೊಡಿಸಿದೆ. ಚಾನೆಲ್ಲಿನ ಆಳ ಹನ್ನೆರಡು ಮಿಲಿಮೀಟರ್. ಹಾಳೆಯನ್ನು ಎಂಟರವರೆಗೆ ಮಾತ್ರ ತೂರಿಸಿ, ಮೇಲೆ ಉಳಿದ ಟೊಳ್ಳಿನಲ್ಲಿ ಕಡ್ಡಿ ಮಲಗಿಸಿ, ಎಲ್ಲವನ್ನೂ ಅರಾಲ್ಡೈಟ್ ಅಂಟಿನಿಂದ ಒಂದು ಮಾಡಿದೆ. ಇಲ್ಲಿ ಸೂಪರ್ ಗ್ಲೂ ಬಳಸಬಾರದು, ಅದರ ಆವಿಗೆ ಪಾಲಿಕಾರ್ಬೊನೇಟ್ ಮಂಜಾಗುತ್ತದೆ. ಕಡ್ಡಿಯ ಎರಡು ತುದಿಗಳು ಎರಡೂ ಪಕ್ಕದ ಪಟ್ಟಿಗಳ ತೂತುಗಳಲ್ಲಿ ಕೂರಬೇಕು. ಚೌಕಟ್ಟು ಆಗಲೇ ಗಟ್ಟಿಯಾಗಿ ಕೂತಿರುವಾಗ ಕಡ್ಡಿಯನ್ನು ಒಳಗೆ ಸೇರಿಸುವುದು ಹೇಗೆ? ಒಂದು ಕಡೆಯ ತೂತನ್ನು ಎರಡರಷ್ಟು ಆಳ ಕೊರೆದರಾಯಿತು. ಅತ್ತ ಪೂರ್ತಿ ತಳ್ಳಿ, ಇತ್ತ ತುದಿಯನ್ನು ತೂತಿಗೆ ಹಿಡಿದು ಹಿಂದಕ್ಕೆ ಜಾರಿಸಿ, ಆಳದ ತೂತಿನ ಬದಿಯಲ್ಲಿ ಒಂದು ನೈಲಾನ್ ವಾಷರ್ ಕೊಟ್ಟರೆ ಮತ್ತೆ ಸರಿಯುವುದಿಲ್ಲ.

ಸುತ್ತಲೂ ನಾಲ್ಕು ಮಿಲಿಮೀಟರ್ ಸಂದಿ, ಅದರಲ್ಲಿ ಐದು ಮಿಲಿಮೀಟರಿನ ವೂಲ್ ಪೈಲ್. ಆ ಒಂದು ಮಿಲಿಮೀಟರಿನ ಒತ್ತೇ ಇಲ್ಲಿ ಎಲ್ಲ. ಏಳು ಮಿಲಿಮೀಟರಿನದ್ದು ಹಾಕಿದರೆ ರೆಕ್ಕೆ ಓರೆಯಾಗಿ ಸಿಕ್ಕಿಕೊಂಡು ನಿಲ್ಲುತ್ತದೆ, ನಾಲ್ಕರದ್ದು ಹಾಕಿದರೆ ಬೆಳಕು ಕಾಣುತ್ತದೆ. ಕತ್ತಲಲ್ಲಿ ಆಚೆಯಿಂದ ಮೊಬೈಲಿನ ಟಾರ್ಚ್ ಹಿಡಿದು ಈಚೆಯಿಂದ ನೋಡಿದರೆ ಎಲ್ಲಿ ಸಂದಿ ಉಳಿದಿದೆ ಎಂದು ತಿಳಿಯುತ್ತದೆ. ಮೂಲೆಗಳಲ್ಲಿ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ಜೋಡಿಸಿದ ಮೇಲೆ ಬೆಳಕಿನ ಚುಕ್ಕೆಗಳು ಹೋದವು.

ಗಾಳಿಗೆ ರೆಕ್ಕೆ ತಾನಾಗಿ ತೆರೆಯದಂತೆ ಅಯಸ್ಕಾಂತ ಬೇಕು. ಹತ್ತು ಮಿಲಿಮೀಟರ್ ವ್ಯಾಸ, ಎರಡು ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಬಿಲ್ಲೆಗಳು ಎರಡು. ಇವು ಅಂಗೈಯಲ್ಲಿ ಆಟಿಕೆಯಂತೆ ಕಂಡರೂ ನೇರವಾಗಿ ಕಬ್ಬಿಣಕ್ಕೆ ಅಂಟಿದರೆ ಬೆಕ್ಕು ಬಿಡಿಸಲಾರದು. ಆದರೆ ನಡುವೆ ಸ್ವಲ್ಪ ಅಂತರ ಕೊಟ್ಟರೆ ಅವುಗಳ ಸೆಳೆತ ಥಟ್ಟನೆ ಇಳಿಯುತ್ತದೆ. ಆದ್ದರಿಂದ ಹೊಸ್ತಿಲಿನಲ್ಲಿ, ವೂಲ್ ಪೈಲ್ ಪಟ್ಟಿಯ ಕೆಳಗೆ, ಅವನ್ನು ಹೂತೆ. ರೆಕ್ಕೆಯ ಕೆಳಂಚಿಗೆ ತುಪ್ಪದ ಡಬ್ಬಿಯ ತಗಡಿನ ಎರಡು ತುಂಡುಗಳನ್ನು ಮಡಿಸಿ ಅಂಟಿಸಿದೆ. ಸ್ಟೇನ್‌ಲೆಸ್ ತಗಡು ಹಾಕಿದರೆ ಬಹುಪಾಲು ಅಯಸ್ಕಾಂತಕ್ಕೆ ಸಿಗುವುದಿಲ್ಲ, ಸಾದಾ ತಗಡೇ ಬೇಕು. ತಗಡಿಗೂ ಬಿಲ್ಲೆಗೂ ಉಗುರುಬಣ್ಣ ಎರಡು ಸಲ. ನಿಯೋಡಿಮಿಯಂ ಮೇಲಿನ ನಿಕ್ಕಲ್ ಲೇಪನ ಎಲ್ಲಾದರೂ ಬಿರಿದರೆ ಒಳಗಿನದು ತುಕ್ಕು ಹಿಡಿದು ಪುಡಿಯಾಗುತ್ತದೆ.

ಎರಡೂ ಮುಖಗಳಲ್ಲಿ 35 ಮಿಲಿಮೀಟರ್ ಅಗಲದ ತೆಳು ಪಟ್ಟಿ ಹೊಡೆದು ಕತ್ತರಿಸಿದ ಗೆರೆ ಮುಚ್ಚಿದೆ. ಹೊರಗಿನ ಪಟ್ಟಿಗಳಲ್ಲಿ ಮೇಲಿನದಕ್ಕೆ ಮತ್ತು ಎರಡು ಪಕ್ಕದವಕ್ಕೆ ಮಾತ್ರ ನೀರು ತಡೆಯುವ ಸಿಲಿಕೋನ್, ಕೆಳಗಿನದಕ್ಕೆ ಬೇಡ. ಹೇಗೋ ಒಳಗೆ ಹೋದ ನೀರಿಗೆ ಹೊರಬರಲು ದಾರಿ ಇರಬೇಕು. ಒಳಮುಖದಲ್ಲಿ ಎರಡು ಪಕ್ಕ ಚಾನೆಲ್ ಹೊಡೆದು, ಮೇಲಿನಿಂದ ಇಳಿಸುವ ಪ್ಲೈ ತುಂಡೊಂದನ್ನು ಇಟ್ಟಿದ್ದೇನೆ. ಮಹಾನಗರಪಾಲಿಕೆಯವರು ಸೊಳ್ಳೆಗೆ ಹೊಗೆ ಹಾಕುವ ದಿನ, ಸುಬ್ಬಿಯನ್ನು ವೈದ್ಯರ ಬಳಿಗೆ ಒಯ್ಯುವ ದಿನ ಅದು ಬೀಗ. ನಾಲ್ಕು ಬಗೆಯ ಬೀಗದ ಗುಂಡಿಯ ಕೆಲಸವನ್ನು ಇದೊಂದು ತುಂಡು ಮಾಡುತ್ತದೆ. ‘ಒಳಗೆ ಮಾತ್ರ’ ‘ಹೊರಗೆ ಮಾತ್ರ’ ನಮಗೆ ಎಂದೂ ಬೇಕಾಗಿಲ್ಲ.

ಕದ ಮತ್ತೆ ಏರಿಸಿದ ಮೇಲೆ ಬೆಕ್ಕಿನ ಸರದಿ. ಮೊದಲು ರೆಕ್ಕೆಯನ್ನು ಟೇಪ್ ಹಚ್ಚಿ ಪೂರ್ತಿ ಎತ್ತಿಟ್ಟಿದ್ದೆ. ಬರೀ ತೂತನ್ನು ಸುಬ್ಬಿ ತನಗೆ ಸಲ್ಲಬೇಕಾದ ಹಕ್ಕು ಎಂಬಂತೆ ಬಳಸಿದಳು. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಕೊನೆಗೆ ಬಿಟ್ಟೆ. ಅಡುಗೆಮನೆಯಿಂದ ಆಚೆ ಹೋಗುವಾಗ ಹಣೆಯಿಂದ ತಳ್ಳಿ ಸಲೀಸಾಗಿ ಹೋಗುತ್ತಿದ್ದಳು. ಆಚೆಯಿಂದ ಈಚೆ ಬರುವಾಗ ಮಾತ್ರ ಪಂಜದಿಂದ ರೆಕ್ಕೆಯನ್ನು ತನ್ನೆಡೆಗೆ ಎಳೆದು, ಆ ಸಂದಿಯಲ್ಲಿ ತಲೆ ತೂರಿಸಲು ಹೆಣಗುತ್ತಿದ್ದಳು. ಮನೆಯವರು ಅದನ್ನು ಬೆಕ್ಕಿನ ಹಟ ಎಂದರು. ನಾನು ಅಳತೆಯ ಟೇಪ್ ತೆಗೆದುಕೊಂಡು ಹೋಗಿ ಅಳೆದೆ. ನೀರು ಒಳಗೆ ಬರದಂತೆ ಡ್ರೈ ಬಾಲ್ಕನಿಯ ನೆಲವನ್ನು ಅಡುಗೆಮನೆಗಿಂತ ತಗ್ಗಿಸಿ ಕಟ್ಟಿರುತ್ತಾರೆ. ನಮ್ಮಲ್ಲಿ ಆರು ಸೆಂಟಿಮೀಟರ್. ಈಚೆ 12 ಆಗಿದ್ದ ಹೊಸ್ತಿಲು ಆಚೆ 18. ಹೊಟ್ಟೆಯ ಮಟ್ಟಕ್ಕಿಂತ ಹೊಸ್ತಿಲು ಮೇಲಿದ್ದರೆ ಬೆಕ್ಕು ತಲೆಯಿಂದ ತಳ್ಳಲಾರದು, ಮುಂಗಾಲು ಎತ್ತಲೇಬೇಕು. ಕಾಲು ಎತ್ತಿದ ಬೆಕ್ಕು ಎಳೆಯುತ್ತದೆ. ಹಳೆಯ ಅಡುಗೆ ಕಟ್ಟೆಯಿಂದ ಉಳಿದಿದ್ದ ಕಡಪಾ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಆರು ಸೆಂಟಿಮೀಟರಿನ ಮೆಟ್ಟಿಲು ಮಾಡಿ, ಮೇಲೆ ತೆಂಗಿನ ನಾರಿನ ಕಾಲೊರಸು ಹಾಸಿದೆ. ಅಂದೇ ಸಂಜೆ ಅವಳು ತಳ್ಳಿಕೊಂಡು ಬಂದಳು. ಕಾಲೊರಸಿನಿಂದ ಇನ್ನೊಂದು ಲಾಭ: ಪಂಜಕ್ಕೆ ಅಂಟಿದ ಮರಳು ಅಡುಗೆಮನೆಗೆ ಬರುವ ಮುಂಚೆ ಅಲ್ಲಿಯೇ ಉದುರುತ್ತದೆ. ನಮ್ಮ ಕದ ಅಡುಗೆಮನೆಯೊಳಗೆ ತೆರೆಯುವುದರಿಂದ ಮೆಟ್ಟಿಲು ಅಡ್ಡ ಬರುವುದಿಲ್ಲ. ಆಚೆಗೆ ತೆರೆಯುವ ಕದವಾದರೆ ಮೆಟ್ಟಿಲನ್ನು ಕದಕ್ಕೇ ಬಿಗಿಯಬೇಕಾಗುತ್ತದೆ.

ಒಂದು ಮಳೆಗಾಲ ಕಳೆದಿದೆ. ಹೊಸ್ತಿಲಿನ ಹೊರಬದಿ ಒದ್ದೆಯಾಗುತ್ತದೆ, ಒಳಬದಿ ಒಣಗಿಯೇ ಇರುತ್ತದೆ. ಪಾಲಿಕಾರ್ಬೊನೇಟ್ ಗೀರು ಹಿಡಿದು ಮಸುಕಾಗಿದೆ, ಸುಬ್ಬಿಗೆ ಅದರ ದೂರಿಲ್ಲ. ವೂಲ್ ಪೈಲ್‌ನಲ್ಲಿ ಅವಳ ಕೂದಲು ಸೇರಿಕೊಂಡು ಗಂಟಾಗುತ್ತದೆ, ತಿಂಗಳಿಗೊಮ್ಮೆ ಹಳೆಯ ಟೂತ್ ಬ್ರಷ್‌ನಿಂದ ಬಾಚಬೇಕು. ಕಡ್ಡಿಯ ತುದಿ ಕಿರುಗುಟ್ಟಿದರೆ ಎಣ್ಣೆ ಬಿಡಬಾರದು, ಎಣ್ಣೆಗೆ ಕೂದಲೂ ಧೂಳೂ ಮೆತ್ತಿಕೊಳ್ಳುತ್ತವೆ. ಮೇಣದಬತ್ತಿ ಉಜ್ಜಿದರೆ ಸಾಕು. ರೆಕ್ಕೆ ಮರಳುವಾಗ ಬರುತ್ತಿದ್ದ ಟಪ್ ಎನ್ನುವ ಸದ್ದು ಪೈಲ್ ಪಳಗಿದ ಮೇಲೆ ತಾನೇ ನಿಂತಿತು. ಕಾಕಾರ ಜಿಗ್‌ಸಾ ಬಿಟ್ಟು ಉಳಿದೆಲ್ಲಕ್ಕೂ ಸೇರಿ ಎರಡು ಸಾವಿರ ರೂಪಾಯಿ ದಾಟಲಿಲ್ಲ.

ಇದನ್ನು ನೋಡಿದ ಕಾಕಾ ಚಿಂಚವಡದಲ್ಲಿರುವ ಮಗಳ ಮನೆಗೂ ಒಂದು ಮಾಡಿಕೊಡು ಎಂದರು. ಅವರದು ನೆಲಮಹಡಿ, ನಾಯಿ ಲ್ಯಾಬ್ರಡಾರ್, ಕದ ಮನೆಯ ಹಿಂಬಾಗಿಲು. ಅಳತೆ ತೆಗೆದುಕೊಂಡು ಲೆಕ್ಕ ಹಾಕಿದೆ. ಆ ನಾಯಿಯ ಭುಜ 56 ಸೆಂಟಿಮೀಟರ್ ಎತ್ತರದಲ್ಲಿದೆ. ಅದಕ್ಕೆ ಸಾಲುವ ಕಿಂಡಿಯಲ್ಲಿ ತೆಳ್ಳಗಿನ ಮನುಷ್ಯನೊಬ್ಬ ಆರಾಮವಾಗಿ ನುಸುಳುತ್ತಾನೆ, ಆಮೇಲೆ ಆ ಕದಕ್ಕೆ ಚಿಲಕ ಇದ್ದೂ ಇಲ್ಲದಂತೆ. ಕದ ಕೊರೆಯುವುದು ಬೇಡ ಎಂದು ಹೇಳಿ, ಹಿಂದಿನ ವರಾಂಡಕ್ಕೆ ಎದೆಮಟ್ಟದ ಗೇಟು ಮತ್ತು ಜಾಲರಿಯ ಕದ ಮಾಡಿಸಲು ಫ್ಯಾಬ್ರಿಕೇಶನ್‌ನವನಿಗೆ ಅಳತೆ ಬರೆದುಕೊಟ್ಟಿದ್ದೇನೆ. ಜಾಲರಿಯ ಕದದ ಅಂಚಿಗೆ ಐದು ಮಿಲಿಮೀಟರಿನ ವೂಲ್ ಪೈಲ್ ಹಾಕಬೇಕು ಎನ್ನುವುದನ್ನು ಅದರಲ್ಲಿ ಎರಡು ಸಲ ಬರೆದಿದ್ದೇನೆ.